ರಮ್ಮಿನಲ್ಲಿ ನೆಂದ ಅನಾನಸ್, ವೋಡ್ಕಾ ಕುಡಿದ ದ್ರಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುವ ಪಾರ್ಟಿಗೆ ಮದ್ಯದಲ್ಲಿ ನೆನೆಸಿದ ಹಣ್ಣು ಮಾಡುವುದು ದೊಡ್ಡ ಕಷ್ಟವೇನಲ್ಲ. ಬಾಣಸಿಗರಾಗಿರಬೇಕಿಲ್ಲ, ಬಾರ್ ಸಾಮಾನೂ ಬೇಡ. ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ಹೊತ್ತು ನೆನೆಸಬೇಕು?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ್ದು "ಒಂದು ಬೌಲಿಗೆ ಎಷ್ಟು ಪೆಗ್ ಹಾಕಿದೆ, ಅದರಲ್ಲಿ ಎಷ್ಟು ತುಂಡು ಇದೆ?" ಅಂತ. ಗ್ಲಾಸಿನಲ್ಲಿ ಕುಡಿಯುವವರು ತಮ್ಮ ಲೆಕ್ಕ ತಾವೇ ಇಟ್ಟುಕೊಳ್ಳುತ್ತಾರೆ. ತಟ್ಟೆಯಿಂದ ತಿನ್ನುವಾಗ ಯಾರೂ ಎಣಿಸುವುದಿಲ್ಲ. ಆ ಲೆಕ್ಕ ಮಾಡಿದವರದ್ದೇ. ಆದ್ದರಿಂದ ಕೆಳಗಿನ ಪ್ರತಿ ಅಳತೆಯ ಜೊತೆಗೂ ಪೆಗ್ಗಿನ ಲೆಕ್ಕ ಕೊಟ್ಟಿದ್ದೇನೆ.

ಮೊದಲ ಸಲ ಮಾಡುವವರು ಯಾವ ಹಣ್ಣಿನಿಂದ ಶುರು ಮಾಡಬೇಕು?

ಅನಾನಸ್. ಅದರ ತಿರುಳು ನಾರುನಾರಾಗಿರುವುದರಿಂದ ರಮ್ಮನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಎಂಟು ಗಂಟೆ ನೆಂದರೂ ಮೆತ್ತಗಾಗಿ ಸೋರುವುದಿಲ್ಲ. ಹುಳಿ-ಸಿಹಿ ಎರಡೂ ಇರುವುದರಿಂದ ಕಡಿಮೆ ಬೆಲೆಯ ರಮ್ಮಿನ ಒರಟುತನವೂ ಮುಚ್ಚಿಹೋಗುತ್ತದೆ. ಬನವಾಸಿ ಕಡೆಯ ಹಣ್ಣು ಸಿಕ್ಕಿದರೆ ಬಿಡಬೇಡಿ. ತೀರಾ ಕಳಿತದ್ದು ಬೇಡ. ಬುಡದ ಕಡೆ ಹಳದಿ ಬಂದು, ಮೂಸಿದರೆ ಘಮ ಬರುವಂತಿದ್ದರೆ ಸಾಕು.

ಮಧ್ಯಮ ಗಾತ್ರದ ಒಂದು ಹಣ್ಣನ್ನು ಹೆರೆದು, ಕಣ್ಣು ತೆಗೆದು, ನಡುವಿನ ಗಟ್ಟಿ ದಿಂಡು ಬಿಸಾಡಿ, 50 ತುಂಡು ಮಾಡಿ. ಎರಡು ದೊಡ್ಡ ಚಮಚ ಬೆಲ್ಲವನ್ನು ಸ್ವಲ್ಪವೇ ಬಿಸಿನೀರಿನಲ್ಲಿ ಕರಗಿಸಿ ಸೋಸಿ ಆರಿಸಿ. ಸೋಸದಿದ್ದರೆ ಬೆಲ್ಲದ ಮರಳು ಹಲ್ಲಿಗೆ ಸಿಗುತ್ತದೆ. ಅದಕ್ಕೆ 240 ಎಂಎಲ್ ಡಾರ್ಕ್ ರಮ್, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು ಸೇರಿಸಿ ತುಂಡುಗಳ ಮೇಲೆ ಸುರಿದು, ಮುಚ್ಚಿ ಫ್ರಿಜ್ಜಿನಲ್ಲಿಡಿ. ಆರರಿಂದ ಎಂಟು ಗಂಟೆ ಸಾಕು. ನಡುವೆ ಒಂದೆರಡು ಸಲ ಡಬ್ಬಿಯನ್ನು ಮಗುಚಿ, ಇಲ್ಲದಿದ್ದರೆ ಮೇಲಿನ ತುಂಡುಗಳು ಒಣಗಿಯೇ ಉಳಿಯುತ್ತವೆ. ಬಡಿಸುವ ಮುಂಚೆ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ಖಾರದಪುಡಿಗಿಂತ ರಮ್ಮಿಗೆ ಕಾಳುಮೆಣಸೇ ಚೆನ್ನಾಗಿ ಒಪ್ಪುತ್ತದೆ.

ಒಂದು ತುಂಡಿನಲ್ಲಿ ಎಷ್ಟು ಮದ್ಯ ಇರುತ್ತದೆ? ಲೆಕ್ಕ ಹಾಕುವುದು ಹೇಗೆ?

ನಮ್ಮಲ್ಲಿ ಸಿಗುವ ರಮ್, ವಿಸ್ಕಿ, ವೋಡ್ಕಾ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಅಂತ ಬರೆದಿರುತ್ತದೆ. ಒಂದು ಸ್ಮಾಲ್, ಅಂದರೆ 30 ಎಂಎಲ್‌ನಲ್ಲಿ ಶುದ್ಧ ಆಲ್ಕೋಹಾಲ್ ಹತ್ತಿರ ಹತ್ತಿರ 10 ಗ್ರಾಂ ಬರುತ್ತದೆ. ಈ 10 ಗ್ರಾಂ ಅನ್ನೇ ಒಂದು ಪೆಗ್ ಅಂತ ಇಟ್ಟುಕೊಳ್ಳಿ. ಕ್ವಾರ್ಟರ್ ಬಾಟಲಿ 180 ಎಂಎಲ್, ಅಂದರೆ ಆರು ಪೆಗ್. ಹಾಫ್ 375, ಹನ್ನೆರಡೂವರೆ. ಫುಲ್ 750, ಇಪ್ಪತ್ತೈದು. ವೈನ್ ಆದರೆ ಸುಮಾರು 100 ಎಂಎಲ್‌ಗೆ ಒಂದು ಪೆಗ್ ಅನ್ನಿ.

ಈಗ ಮೇಲಿನ ಅನಾನಸ್ ನೋಡಿ. 240 ಎಂಎಲ್ ಅಂದರೆ ಎಂಟು ಪೆಗ್. 50 ತುಂಡು. ಆರು ತುಂಡು ತಿಂದವರು ಒಂದು ಸ್ಮಾಲ್ ಹಾಕಿದ ಹಾಗೆ.

"ಅಷ್ಟೂ ರಮ್ ಹಣ್ಣಿನೊಳಗೆ ಹೋಗುವುದಿಲ್ಲವಲ್ಲ, ತಳದಲ್ಲಿ ರಸ ಉಳಿಯುತ್ತದಲ್ಲ?" ನಿಜ. ಆದರೆ ಎಷ್ಟು ಹೋಯಿತು ಅಂತ ಮನೆಯಲ್ಲಿ ಅಳೆಯಲು ಬರುವುದಿಲ್ಲ. ತಳದ ರಸದಲ್ಲಿ ಹಣ್ಣಿನ ನೀರೂ ಬೆರೆತಿರುವುದರಿಂದ, ಅದರ ಪ್ರಮಾಣ ನೋಡಿ ಕಳೆಯುವ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಹಾಕಿದ್ದೆಲ್ಲ ಹಣ್ಣಿಗೇ ಹೋಗಿದೆ ಅಂತಲೇ ಎಣಿಸಿ. ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಲೆಕ್ಕ ಹಾಕಿದ ಮೇಲೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರಬೇಡಿ. ಚೀಟಿಯಲ್ಲಿ ಬರೆದು ತಟ್ಟೆಯ ಪಕ್ಕದಲ್ಲಿಡಿ: "ಅನಾನಸ್, ರಮ್, 6 ತುಂಡು = 1 ಪೆಗ್". ಜನ ಓದಿ ನಗುತ್ತಾರೆ, ಆಮೇಲೆ ಎಣಿಸುತ್ತಾರೆ.

ರಾತ್ರಿಯಿಡೀ ನೆನೆಸಿದರೂ ದ್ರಾಕ್ಷಿ ಏನೂ ಹೀರಿಕೊಂಡಿಲ್ಲ. ಯಾಕೆ?

ದ್ರಾಕ್ಷಿಯ ಸಿಪ್ಪೆಯ ಮೇಲೆ ಬಿಳಿ ಪುಡಿಯಂತೆ ಕಾಣುವುದು ಮೇಣ. ಮಳೆನೀರು ಒಳಗೆ ಇಳಿಯದಂತೆ ಹಣ್ಣು ತಾನೇ ಕಟ್ಟಿಕೊಂಡ ಕವಚ ಅದು. ನಿಮ್ಮ ವೋಡ್ಕಾವನ್ನೂ ಅದು ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ಟೂತ್‌ಪಿಕ್‌ನಿಂದ ಪ್ರತಿ ಹಣ್ಣಿಗೂ ನಾಲ್ಕೈದು ಕಡೆ ಚುಚ್ಚಿ, ತೊಟ್ಟು ಕಿತ್ತ ಜಾಗದಲ್ಲಂತೂ ಆಳವಾಗಿಯೇ ಚುಚ್ಚಿ. 500 ಗ್ರಾಂ ಬೀಜವಿಲ್ಲದ ಹಸಿರು ದ್ರಾಕ್ಷಿಗೆ 180 ಎಂಎಲ್ ವೋಡ್ಕಾ, ಎರಡು ಚಮಚ ಸಕ್ಕರೆ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಅರ್ಧ ಕಿಲೋಗೆ ಸುಮಾರು ನೂರು ಹಣ್ಣು ಬರುತ್ತವೆ ಅಂದುಕೊಂಡರೆ ಹದಿನಾರು ಹದಿನೇಳು ದ್ರಾಕ್ಷಿಗೆ ಒಂದು ಪೆಗ್.

ಚುಚ್ಚುವ ತಾಳ್ಮೆ ಇಲ್ಲದಿದ್ದರೆ ಉದ್ದಕ್ಕೆ ಎರಡು ಹೋಳು ಮಾಡಿ, ಮೂರು ಗಂಟೆಯಲ್ಲಿ ಮುಗಿಯುತ್ತದೆ. ನೋಡಲು ಅಷ್ಟು ಚೆಂದವಿರುವುದಿಲ್ಲ, ಅಷ್ಟೇ. ನೆಂದ ಹಣ್ಣನ್ನು ಬಸಿದು, ಬಟ್ಟೆಯಲ್ಲಿ ಒರೆಸಿ, ಸಕ್ಕರೆ ಮತ್ತು ನಿಂಬೆಸಿಪ್ಪೆಯ ತುರಿಯಲ್ಲಿ ಹೊರಳಿಸಿದರೆ ಕೈಗೂ ಅಂಟುವುದಿಲ್ಲ, ಬಾಯಿಗಿಟ್ಟಾಗ ಕರುಮ್ ಅನ್ನುತ್ತದೆ.

ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಕಪ್ಪು ನೀಲಿ ದ್ರಾಕ್ಷಿ ಇದಕ್ಕೆ ಬೇಡ. ಬೀಜ ಇದೆ, ಸಿಪ್ಪೆ ದಪ್ಪ, ತಿರುಳು ಜಾರಿಹೋಗುತ್ತದೆ. ಅದರ ಘಮ ಮಾತ್ರ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಹಾಗಾಗಿ ಅದರ ರಸ ತೆಗೆದು ಜೆಲ್ಲಿ ಮಾಡಿ, ಕೆಳಗೆ ಹೇಳಿದ್ದೇನೆ.

ಕಲ್ಲಂಗಡಿಗೆ ತೂತು ಕೊರೆದು ವೋಡ್ಕಾ ಬಾಟಲಿಯನ್ನು ಬೋರಲು ಸಿಕ್ಕಿಸುವ ವಿಡಿಯೊ ನೋಡಿದೆ. ಮಾಡಬಹುದೇ?

ಮಾಡಬಹುದು, ಆದರೆ ನನಗೆ ಆ ವಿಧಾನ ಇಷ್ಟವಿಲ್ಲ. ವಿಡಿಯೊದಲ್ಲಿ ಬಾಟಲಿ ಗಳಗಳ ಖಾಲಿಯಾಗುತ್ತದೆ. ಮನೆಯಲ್ಲಿ ಗಂಟೆಗಟ್ಟಲೆ ಕಾದರೂ ಅರ್ಧ ಇಳಿಯುವುದಿಲ್ಲ, ಇಳಿದದ್ದರಲ್ಲಿ ಒಂದಿಷ್ಟು ತೂತಿನ ಸಂದಿಯಿಂದ ಸೋರಿ ಫ್ರಿಜ್ಜಿನ ತಳ ಸೇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಹಂಚಿಕೆಯದ್ದು. ತೂತಿನ ಸುತ್ತಲಿನ ಹೋಳಿನಲ್ಲಿ ಒಂದೂವರೆ ಪೆಗ್ ಇರಬಹುದು, ಆಚೆ ತುದಿಯ ಹೋಳಿನಲ್ಲಿ ಬರೀ ಕಲ್ಲಂಗಡಿ. ಯಾರ ಪಾಲಿಗೆ ಯಾವುದು ಅಂತ ಹೇಳಲು ಬರುವುದಿಲ್ಲ.

ಬದಲಿಗೆ ಒಂದೂವರೆ ಕಿಲೋ ತಿರುಳನ್ನು ಬೀಜ ತೆಗೆದು ಇಂಚಿನಷ್ಟು ದಪ್ಪ ಚೌಕ ಮಾಡಿ. ಸುಮಾರು 75 ಬರುತ್ತದೆ. ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 180 ಎಂಎಲ್ ವೋಡ್ಕಾ ಸಮನಾಗಿ ಚಿಮುಕಿಸಿ, ಒಂದು ಗಂಟೆ ತಣ್ಣಗೆ ಇಡಿ. ಎರಡು ಗಂಟೆ ಮೀರಿದರೆ ನೀರು ಬಿಟ್ಟು ಸೊರಗುತ್ತದೆ. ಪುದೀನ, ಸ್ವಲ್ಪ ಕಪ್ಪು ಉಪ್ಪು. ಹನ್ನೆರಡು ಚೌಕಕ್ಕೆ ಒಂದು ಪೆಗ್. ಸಕ್ಕರೆಯನ್ನು ಮಾತ್ರ ಮೊದಲೇ ಹಾಕಬೇಡಿ, ಅದು ಇರುವ ನೀರನ್ನೆಲ್ಲ ಹೊರಗೆಳೆಯುತ್ತದೆ.

ಯಾವ ಹಣ್ಣಿಗೆ ಯಾವ ಮದ್ಯ ಹೊಂದುತ್ತದೆ?

ರಮ್ಮಿಗೆ ಅನಾನಸ್, ಖರ್ಜೂರ, ಒಣದ್ರಾಕ್ಷಿ, ಅಂಜೂರ. ಚಿಕ್ಕು ಕೂಡ ರುಚಿಯಲ್ಲಿ ಸೊಗಸಾಗಿ ಹೊಂದುತ್ತದೆ, ಆದರೆ ಅರ್ಧ ಗಂಟೆಗೇ ಕರಗಿ ರಾಡಿಯಾಗುತ್ತದೆ. ವೋಡ್ಕಾಕ್ಕೆ ತನ್ನದೇ ಆದ ರುಚಿ ಕಡಿಮೆ, ಆದ್ದರಿಂದ ಲಿಚಿ, ಕಲ್ಲಂಗಡಿ, ದ್ರಾಕ್ಷಿಯಂಥ ನಾಜೂಕು ಹಣ್ಣಿಗೆ ಅದೇ ಸರಿ. ಜಿನ್ನಿಗೆ ಕಿತ್ತಳೆ, ಸೌತೆಕಾಯಿ. ಕಿತ್ತಳೆಯ ತೊಳೆಯ ಮೇಲಿನ ಪೊರೆ ಬಿಡಿಸಬೇಕು, ಇಲ್ಲದಿದ್ದರೆ ಅದೂ ದ್ರಾಕ್ಷಿಯ ಕತೆಯೇ. ವಿಸ್ಕಿ ಹಣ್ಣಿನ ಜೊತೆ ಜಗಳಗಂಟ. ಸೇಬು, ಖರ್ಜೂರ ಬಿಟ್ಟರೆ ಬೇರೆಯದಕ್ಕೆ ಹಾಕಿ ಎರಡನ್ನೂ ಕೆಡಿಸಬೇಡಿ.

ನಮ್ಮೂರಿನ ನಾಲಿಗೆಗೆ ಹೆಚ್ಚು ಹಿಡಿಸುವುದು ಸಿಹಿಯಲ್ಲ, ಹುಳಿ-ಖಾರ. ಗಟ್ಟಿಯಾದ ತೋತಾಪುರಿ ಮಾವಿನಕಾಯಿಯ ತೆಳು ಹೋಳು, ಸೀಳಿದ ಹಸಿಮೆಣಸಿನಕಾಯಿ ಎರಡು, ಉಪ್ಪು, ಮೂರು ಪೆಗ್ ವೋಡ್ಕಾ, ಎರಡು ಗಂಟೆ. ಬಡಿಸುವಾಗ ಖಾರದಪುಡಿ. ಸೀಬೆಹಣ್ಣಿಗೂ ಇದೇ. ಪಾರ್ಟಿಯಲ್ಲಿ ಮೊದಲು ಖಾಲಿಯಾಗುವ ತಟ್ಟೆ ಇದು. ಒಂದು ಮಾವಿನಕಾಯಿಯಿಂದ ಮೂವತ್ತು ಹೋಳು ಬಂದರೆ ಹತ್ತಕ್ಕೆ ಒಂದು ಪೆಗ್.

ಗೋವಾದಿಂದ ತಂದ ಗೋಡಂಬಿ ಫೆನಿ ಮನೆಯಲ್ಲಿದ್ದರೆ ಮಾವಿನಕಾಯಿಗೇ ಪ್ರಯತ್ನಿಸಿ. ಅದರ ವಾಸನೆ ಹಣ್ಣನ್ನೇ ನುಂಗಿಬಿಡುತ್ತದೆ, ಆದ್ದರಿಂದ ಒಂದು ಪೆಗ್ಗಿಗಿಂತ ಹೆಚ್ಚು ಹಾಕದೆ ರುಚಿ ನೋಡಿ. ಇಷ್ಟಪಡುವವರು ತುಂಬ ಇಷ್ಟಪಡುತ್ತಾರೆ, ಉಳಿದವರು ಕಿಟಕಿ ತೆಗೆಯುತ್ತಾರೆ.

ದುಬಾರಿ ಬಾಟಲಿ ಬೇಕೇ?

ಬೇಡ. ಓಲ್ಡ್ ಮಾಂಕ್ ಧಾರಾಳವಾಯಿತು. ಒಳ್ಳೆಯ ಸಿಂಗಲ್ ಮಾಲ್ಟ್ ಇದ್ದರೆ ಗ್ಲಾಸಿಗೆ ಹಾಕಿ.

ಕ್ರಿಸ್‌ಮಸ್ ಕೇಕಿಗೆ ನೆನೆಸಿಟ್ಟ ಒಣಹಣ್ಣನ್ನು ಹಾಗೇ ಪಾರ್ಟಿಗೆ ಕೊಡಬಹುದೇ?

ಕೊಡಬಹುದು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ, ಬೆಂಗಳೂರಿನ ಬೇಕರಿಗಳಲ್ಲಿ ಡಿಸೆಂಬರಿಗೆ ವಾರಗಟ್ಟಲೆ ಮುಂಚೆಯೇ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆಸಿಪ್ಪೆಯನ್ನು ರಮ್ಮಿನಲ್ಲಿ ಹಾಕಿಡುವ ವಾಡಿಕೆ ಇದ್ದೇ ಇದೆ. ಹಸಿ ಹಣ್ಣಿನಲ್ಲಿ ಮೊದಲೇ ನೀರು ತುಂಬಿರುತ್ತದೆ, ಒಳಗೆ ಜಾಗವಿಲ್ಲ. ಒಣಹಣ್ಣು ಬಾಯಾರಿ ಕೂತಿರುತ್ತದೆ. ಹಾಕಿದ್ದನ್ನೆಲ್ಲ ಕುಡಿದು ಉಬ್ಬುತ್ತದೆ, ತಳದಲ್ಲಿ ಹನಿಯೂ ಉಳಿಯುವುದಿಲ್ಲ.

ಅದಕ್ಕೇ ಎಚ್ಚರವೂ ಇಲ್ಲೇ ಹೆಚ್ಚು ಬೇಕು. ವಿಜಯಪುರದ ಒಣದ್ರಾಕ್ಷಿ 250 ಗ್ರಾಂಗೆ 200 ಎಂಎಲ್ ರಮ್ ಹಾಕಿದರೆ ಒಂದು ವಾರದಲ್ಲಿ ಪೂರ್ತಿ ಒಳಗೆ. ಅಂದರೆ ಸಣ್ಣ ಬೌಲಿನಲ್ಲಿ ಆರೂವರೆ ಪೆಗ್ಗಿಗಿಂತ ಹೆಚ್ಚು. ಕಡಲೆಬೀಜ ತಿನ್ನುವ ಅಭ್ಯಾಸದಲ್ಲಿ ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಳ್ಳುವವರಿಗೆ, ಎರಡು ಹಿಡಿಯಲ್ಲೇ ಒಂದು ಪೆಗ್ ದಾಟಿರುತ್ತದೆ. ನಾನಾದರೆ ಒಣದ್ರಾಕ್ಷಿಯನ್ನು ಬೌಲಿನಲ್ಲಿ ಇಡುವುದಿಲ್ಲ. ಖರ್ಜೂರದ ಬೀಜ ತೆಗೆದು ಒಂದು ಬಾದಾಮಿ, ನಾಲ್ಕು ರಮ್ ದ್ರಾಕ್ಷಿ ತುಂಬಿ, ಕರಗಿಸಿದ ಡಾರ್ಕ್ ಚಾಕೊಲೇಟಿನಲ್ಲಿ ಅದ್ದಿ ಫ್ರಿಜ್ಜಿನಲ್ಲಿಡುತ್ತೇನೆ. ಎಣಿಸಿ ಮಾಡಿದ್ದನ್ನು ಎಣಿಸಿ ತಿನ್ನುತ್ತಾರೆ.

ಫ್ರೀಜರಿನಲ್ಲಿ ಇಟ್ಟರೂ ಗಟ್ಟಿಯಾಗುತ್ತಿಲ್ಲ.

ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನಿಲ್ಲುತ್ತದೆ. ನೀರು ಬೆರೆಸದ ವೋಡ್ಕಾ ಆ ತಣ್ಣಗಿಗೆ ಹೆಪ್ಪುಗಟ್ಟುವುದೇ ಇಲ್ಲ. ಐಸ್ ಕ್ಯಾಂಡಿ ಮಾಡುವುದಾದರೆ ಒಂದು ಭಾಗ ಮದ್ಯಕ್ಕೆ ಆರು ಭಾಗ ಹಣ್ಣಿನ ರಸ ಅಥವಾ ತಿರುಳು ಇರಲಿ. ಮದ್ಯ ಅದಕ್ಕಿಂತ ತೀರಾ ಹೆಚ್ಚಾದರೆ ಕಡ್ಡಿ ಹಿಡಿದು ಎತ್ತಿದಾಗ ಕಡ್ಡಿ ಮಾತ್ರ ಬರುತ್ತದೆ. ನೆನೆಸಿದ ದ್ರಾಕ್ಷಿಯನ್ನು ಫ್ರೀಜರಿಗೆ ಹಾಕಿದರೆ ಕಲ್ಲಾಗುವುದಿಲ್ಲ, ಹೊರಗೆ ಹಿಮ ಹಿಡಿದು ಒಳಗೆ ಪೇಸ್ಟಿನಂತಾಗುತ್ತದೆ. ಏಪ್ರಿಲ್ ಸಂಜೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಜೆಲ್ಲಿ ಮಾಡುವುದು ಹೇಗೆ? ಸಸ್ಯಾಹಾರಿಗಳಿದ್ದಾರೆ.

ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವ ವಸ್ತು. ನಮ್ಮ ಪಾರ್ಟಿಗಳಲ್ಲಿ ಕುಡಿಯುವ ಸಸ್ಯಾಹಾರಿಗಳು ಬೇಕಾದಷ್ಟು ಇರುತ್ತಾರೆ, ಅವರನ್ನು ಕೇಳದೆ ಅದನ್ನು ಬಳಸಬೇಡಿ. ದಿನಸಿ ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಸಾಕು, ಅದು ಕಡಲಪಾಚಿಯದ್ದು. ಇನ್ನೊಂದು ಅನುಕೂಲವೂ ಇದೆ. ಹಸಿ ಅನಾನಸ್, ಪಪ್ಪಾಯಿಯಲ್ಲಿರುವ ಕಿಣ್ವ ಜೆಲಟಿನ್ ಅನ್ನು ಒಡೆದು ನೀರಾಗಿಸುತ್ತದೆ, ಚೈನಾ ಗ್ರಾಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ಕಪ್ಪು ದ್ರಾಕ್ಷಿಯನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಹಿಂಡಿ ಸೋಸಿದ ರಸ 300 ಎಂಎಲ್, ರುಚಿಗೆ ಸಕ್ಕರೆ, 5 ಗ್ರಾಂ ಚೈನಾ ಗ್ರಾಸ್. ಚೈನಾ ಗ್ರಾಸ್ ಎಳೆಎಳೆಯಾಗಿರುವ ಬಗೆಯದಾದರೆ ಕತ್ತರಿಸಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಹಿಂಡಿಕೊಳ್ಳಿ. ರಸದ ಜೊತೆ ಕುದಿಸಿ, ಒಂದು ಎಳೆಯೂ ಕಾಣದಂತೆ ಕರಗಬೇಕು. ಒಲೆ ಆರಿಸಿ, ಪಾತ್ರೆಯನ್ನು ಅಡುಗೆಕಟ್ಟೆಯ ಇನ್ನೊಂದು ತುದಿಗೆ ತಂದು, ಐದು ನಿಮಿಷ ಬಿಟ್ಟು, 90 ಎಂಎಲ್ ವೋಡ್ಕಾ ಸುರಿದು ಬೇಗ ಕಲಕಿ. ತುಂಬ ಆರಲು ಬಿಡಬೇಡಿ, ಚೈನಾ ಗ್ರಾಸ್ ಫ್ರಿಜ್ಜಿಲ್ಲದೆಯೇ 40 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ತಣ್ಣಗಿನ ವೋಡ್ಕಾ ಸುರಿದರೂ ಗಂಟುಗಂಟಾಗುತ್ತದೆ, ಹೊರಗಿಟ್ಟದ್ದನ್ನೇ ಹಾಕಿ. ಟ್ರೇಗೆ ಹಾಕಿ 24 ಚೌಕ ಕತ್ತರಿಸಿದರೆ ಎಂಟಕ್ಕೆ ಒಂದು ಪೆಗ್. ನಿಂಬೆರಸ ಬೇಕಿದ್ದರೆ ಕೊನೆಗೆ ಕೆಲವೇ ಹನಿ, ಹುಳಿಯಲ್ಲಿ ಕುದಿಸಿದರೆ ಕಟ್ಟು ಸಡಿಲವಾಗುತ್ತದೆ.

ಬಿಸಿ ಮಾಡಿದರೆ ಮದ್ಯವೆಲ್ಲ ಹಾರಿಹೋಗುತ್ತದಲ್ಲವೇ?

ಹೋಗುವುದಿಲ್ಲ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ ಅನ್ನುವುದು ನಿಜ, ಆದರೆ ನೀರಿನ ಜೊತೆ ಬೆರೆತಿರುವಾಗ ಅಷ್ಟು ಸಲೀಸಾಗಿ ಬಿಟ್ಟುಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ ಹೇಳುವಂತೆ, ಕಾಲು ಗಂಟೆ ಕುದಿಸಿದ ಅಡುಗೆಯಲ್ಲಿ ಹಾಕಿದ್ದರ ಸುಮಾರು 40 ಪರ್ಸೆಂಟ್ ಉಳಿದಿರುತ್ತದೆ, ಒಂದು ಗಂಟೆ ಕುದಿಸಿದರೂ 25. ಬೆಂಕಿ ಹಚ್ಚಿ ಧಗ್ಗನೆ ಉರಿಸುವ ಆಟದಲ್ಲಿ ಮುಕ್ಕಾಲು ಪಾಲು ಉಳಿದೇ ಇರುತ್ತದೆ. ರಮ್ ಅನಾನಸನ್ನು ತವಾ ಮೇಲೆ ಎರಡು ನಿಮಿಷ ಕೆಂಪಗೆ ಮಾಡಿದರೆ ಬೆಲ್ಲ ಸುಟ್ಟ ಘಮ ಬಂದು ರುಚಿ ದುಪ್ಪಟ್ಟಾಗುತ್ತದೆ, ಖಂಡಿತ ಮಾಡಿ. ಮಕ್ಕಳಿಗೆ ಕೊಡಬಹುದಾದ ತಿನಿಸು ಅದರಿಂದ ಆಗುವುದಿಲ್ಲ.

ಬೆಂಕಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. 40 ಪರ್ಸೆಂಟ್ ಮದ್ಯದ ಆವಿಗೆ ಸುಮಾರು 26 ಡಿಗ್ರಿಯಲ್ಲೇ ಬೆಂಕಿ ಹತ್ತುತ್ತದೆ. ನಮ್ಮ ಬೇಸಿಗೆಯ ಅಡುಗೆಮನೆ ಅದಕ್ಕಿಂತ ಬಿಸಿ. ಉರಿಯುವ ಗ್ಯಾಸಿನ ಪಕ್ಕ ಬಾಟಲಿಯಿಂದ ನೇರ ಸುರಿದರೆ ಜ್ವಾಲೆ ಬಾಟಲಿಯ ಬಾಯಿಗೇ ಏರಬಹುದು. ತುಂಡುಗಳನ್ನು ಬಸಿದು ತವಾಗೆ ಹಾಕಿ, ಉಳಿದ ರಸವನ್ನು ಒಲೆ ಆರಿಸಿದ ಮೇಲೆ ಹಾಕಿ.

ಯಾವ ಪಾತ್ರೆ?

ಗಾಜು ಅಥವಾ ಸ್ಟೀಲ್. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆ ಬೇಡ, ಹುಳಿ ತಾಗಿ ಲೋಹದ ರುಚಿ ಬರುತ್ತದೆ. ಉಪ್ಪಿನಕಾಯಿ ಭರಣಿಯನ್ನು ಮುಟ್ಟಲೇಬೇಡಿ. ವಾಸನೆ ಒಂದು ಕಾರಣ, ಮನೆಯ ಹಿರಿಯರು ಇನ್ನೊಂದು.

ಎಷ್ಟು ದಿನ ಇಡಬಹುದು?

ಹಸಿ ಹಣ್ಣು ಫ್ರಿಜ್ಜಿನಲ್ಲಿ ಎರಡು ದಿನ. "ಮದ್ಯ ಇದೆಯಲ್ಲ, ಕೆಡುವುದಿಲ್ಲ" ಅನ್ನುವ ಧೈರ್ಯ ಬೇಡ. ಹಣ್ಣಿನ ನೀರು ಸೇರಿ ಮದ್ಯ ಹತ್ತು ಹನ್ನೆರಡು ಪರ್ಸೆಂಟಿಗೆ ಇಳಿದಿರುತ್ತದೆ, ಅಷ್ಟರಲ್ಲಿ ಅದು ಕಾಯುವ ಶಕ್ತಿ ಕಳೆದುಕೊಂಡಿರುತ್ತದೆ. ಹುಳಿ ವಾಸನೆ, ನೊರೆ, ಲೋಳೆ ಕಂಡರೆ ಚೆಲ್ಲಿ. ಒಣಹಣ್ಣು ಹಾಗಲ್ಲ. ಗಾಜಿನ ಜಾರಿನಲ್ಲಿ, ಸದಾ ರಮ್ಮಿನಲ್ಲಿ ಮುಳುಗಿರುವಂತೆ ನೋಡಿಕೊಂಡರೆ ತಿಂಗಳುಗಳು ಇರುತ್ತದೆ.

ತಳದಲ್ಲಿ ಉಳಿದ ರಸ ಏನು ಮಾಡಲಿ?

ಬಿಸಾಡಬೇಡಿ, ಬಹಳ ರುಚಿಯಾಗಿರುತ್ತದೆ. ಸೋಡಾ, ಐಸ್, ನಿಂಬೆ ಸೇರಿಸಿ ದೊಡ್ಡವರಿಗೆ ಕೊಡಿ. ಆದರೆ ಅದನ್ನು ಜ್ಯೂಸಿನ ಜಗ್ಗಿನಲ್ಲಿ ಮಾತ್ರ ಹಾಕಿಡಬೇಡಿ. ಬೆಳಗ್ಗೆ ಎದ್ದ ಮಗು ಮೊದಲು ತೆಗೆಯುವುದು ಅದನ್ನೇ. ಮದ್ಯದ ಖಾಲಿ ಬಾಟಲಿಗೇ ವಾಪಸ್ ತುಂಬಿಸಿ, ಮೇಲೆ ಬರೆದು ಇಡಿ.

ಕುಡಿಯದವರು, ಮಕ್ಕಳು ಬರುತ್ತಾರೆ. ಹೇಗೆ ಬೇರೆ ಇಡುವುದು?

ಮಕ್ಕಳು ಬರುವುದಾದರೆ ಈ ತಟ್ಟೆಗಳು ಊಟದ ಮೇಜಿನ ಮೇಲೆ ಬರಲೇಬಾರದು. ಬಾಟಲಿ, ಗ್ಲಾಸು ಇಡುವ ಎತ್ತರದ ಕಟ್ಟೆಯ ಮೇಲೇ ಇರಲಿ, ಮನೆಯವರಲ್ಲಿ ಒಬ್ಬರು ಅಲ್ಲೇ ಇರಲಿ. ಮಗುವಿನ ಕಣ್ಣಿಗೆ ಸಕ್ಕರೆ ಹಚ್ಚಿದ ದ್ರಾಕ್ಷಿ ದ್ರಾಕ್ಷಿಯೇ. ಸಣ್ಣ ಮೈಗೆ ಹತ್ತು ಹಣ್ಣೂ ಅಪಾಯ, ರಕ್ತದಲ್ಲಿ ಸಕ್ಕರೆ ದಿಢೀರ್ ಇಳಿಯಬಹುದು. ತಿಂದದ್ದು ಗೊತ್ತಾದರೆ "ನಿದ್ದೆ ಮಾಡಲಿ ಬಿಡಿ" ಅನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕುಡಿಯದ ದೊಡ್ಡವರದ್ದು ಬೇರೆ ವಿಷಯ. ಕೆಲವರು ಯಾವತ್ತೂ ಕುಡಿಯುವುದಿಲ್ಲ, ಕೆಲವರು ಬಿಟ್ಟಿರುತ್ತಾರೆ. ಡಿಸೆಂಬರ್ ಪಾರ್ಟಿಯಲ್ಲಿ ಅಯ್ಯಪ್ಪನ ಮಾಲೆ ಹಾಕಿದ ಗೆಳೆಯ ಒಬ್ಬನಾದರೂ ಇರುತ್ತಾನೆ, ಶ್ರಾವಣದಲ್ಲಿ ಮುಟ್ಟದವರು ಇರುತ್ತಾರೆ. ಇಂಥವರಿಗೆ ಗೊತ್ತಾಗದಂತೆ ತಿನ್ನಿಸಿ ಮಜಾ ನೋಡುವುದು ತಮಾಷೆಯಲ್ಲ. ಮದ್ಯದ ತುಂಡಿಗೆಲ್ಲ ಕೆಂಪು ಟೂತ್‌ಪಿಕ್ ಚುಚ್ಚಿ, ಉಳಿದದ್ದಕ್ಕೆ ಯಾವುದೂ ಬೇಡ. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಸಲ ಬಾಯಿಬಿಟ್ಟು ಹೇಳಿ.

ಅವರಿಗೆ ಮಾಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿ, ಬರೀ ಕತ್ತರಿಸಿದ ಸೇಬು ಮುಂದಿಡಬೇಡಿ. ಅನಾನಸ್‌ಗೆ ಬೆಲ್ಲ, ಶುಂಠಿರಸ, ನಿಂಬೆ, ಒಂದು ಏಲಕ್ಕಿ. ಕಲ್ಲಂಗಡಿಗೆ ಪುನರ್ಪುಳಿಯ ಗಟ್ಟಿ ರಸ, ಜೀರಿಗೆ ಪುಡಿ. ಈ ಎರಡನೆಯದನ್ನು ಕುಡಿಯುವವರೂ ಕದ್ದು ತಿನ್ನುತ್ತಾರೆ. ಆದರೆ ಎರಡು ಬಗೆಯ ತಟ್ಟೆಗೂ ಒಂದೇ ಚಮಚ ಬೇಡ.

ಹಣ್ಣಿನಲ್ಲಿ ತಿಂದರೆ ಬೇಗ ಏರುತ್ತದಂತೆ, ಹೌದೇ?

ಬೇಗ ಅಲ್ಲ, ತಡವಾಗಿ. ಹೊಟ್ಟೆಯಲ್ಲಿ ತಿಂಡಿಯ ಜೊತೆ ಇರುವುದರಿಂದ ರಕ್ತಕ್ಕೆ ಸೇರುವುದು ನಿಧಾನ. ಅದೇ ಮೋಸ. ಅರ್ಧ ಗಂಟೆಯಾದರೂ ಏನೂ ಅನಿಸಲಿಲ್ಲ ಅಂತ ಇನ್ನೊಂದು ತಟ್ಟೆ ತಿನ್ನುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಬರುತ್ತವೆ. ದೇಹ ಒಂದು ಪೆಗ್ ಇಳಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಇದನ್ನು ಚುರುಕುಗೊಳಿಸುವುದಿಲ್ಲ.

ಹಣ್ಣು ತಾನೇ ತಿಂದದ್ದು, ಗಾಡಿ ಓಡಿಸಬಹುದಲ್ಲ?

ಬೇಡ. ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ತೆಳ್ಳಗಿನ ಮೈಯವರು ಒಂದೇ ಪೆಗ್ಗಿಗೆ ಆ ಗೆರೆಯ ಹತ್ತಿರ ಬರಬಹುದು. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

2025ರಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ, ಚೆನ್ನಾಗಿ ಕಳಿತ ಹಲಸಿನ ತೊಳೆ ತಿಂದ ಚಾಲಕರು ಊದುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಹಲಸೇ ಕಾರಣ ಅಂತ ಆಮೇಲೆ ಗೊತ್ತಾದ ಸುದ್ದಿ ಓದಿರುತ್ತೀರಿ. ಹಾಗೆ ಬಾಯಲ್ಲಿ ಉಳಿದದ್ದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೋಗುತ್ತದೆ. ರಮ್ ಅನಾನಸ್ ತಿಂದವರ ರಕ್ತದಲ್ಲೇ ಇರುತ್ತದೆ, "ಹಣ್ಣು ತಿಂದೆ ಸಾರ್" ಅಂದರೆ ಪೊಲೀಸರು ನಗುತ್ತಾರಷ್ಟೆ.

ಮಾತ್ರೆ ತಗೊಳ್ಳುತ್ತಿರುವವರು ತಿನ್ನಬಹುದೇ?

ಭೇದಿಗೆ, ಹಲ್ಲುನೋವಿಗೆ ಕೊಡುವ ಮೆಟ್ರೊನಿಡಜೋಲ್ ನಡೆಯುತ್ತಿದ್ದರೆ ಮುಟ್ಟಬೇಡಿ. ಮದ್ಯದ ಜೊತೆ ಸೇರಿ ವಾಂತಿ, ಎದೆಬಡಿತ ಬರಿಸಬಹುದು. ನಿದ್ದೆಮಾತ್ರೆ, ಆತಂಕದ ಮಾತ್ರೆಯವರಿಗೂ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರಿಗೆ ಎರಡು ಕಡೆಯಿಂದ ಪೆಟ್ಟು: ಹಣ್ಣಿನ ಸಕ್ಕರೆ ಮೊದಲು ಏರಿಸುತ್ತದೆ, ಮದ್ಯ ಆಮೇಲೆ ರಾತ್ರಿ ಇಳಿಸುತ್ತದೆ. ಗರ್ಭಿಣಿಯರಿಗೆ ಒಂದು ತುಂಡೂ ಕೊಡಬಾರದು.

ನಾಯಿ ಒಂದೆರಡು ತಿಂದರೆ ಪರವಾಗಿಲ್ಲವೇ?

ಹಾಗೆ ಬಿಡುವಂತಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮದ್ಯವಿಲ್ಲದೆಯೇ ನಾಯಿಯ ಮೂತ್ರಪಿಂಡಕ್ಕೆ ವಿಷ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ.

ಊರಿಂದ ತಂದ ಕಳ್ಳಭಟ್ಟಿ ಹಾಕಬಹುದೇ? ಹಣ್ಣಿನ ಜೊತೆ ಚೆನ್ನಾಗಿರುತ್ತದಂತೆ.

ಬೇಡವೇ ಬೇಡ. ಅದರಲ್ಲಿ ಮೆಥನಾಲ್ ಇದ್ದರೆ ರುಚಿಯಿಂದಾಗಲಿ ವಾಸನೆಯಿಂದಾಗಲಿ ಗೊತ್ತಾಗುವುದಿಲ್ಲ, ಕಣ್ಣು ಹೋದ ಮೇಲೆ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಸಾರಾಯಿಯೇ 2007ರಿಂದ ನಿಷೇಧ. ಅಂಗಡಿಯಲ್ಲಿ ಕೊಂಡ, ಸೀಲ್ ಒಡೆಯದ, ಅಬಕಾರಿ ಚೀಟಿ ಇರುವ ಬಾಟಲಿ ಮಾತ್ರ.

ಅಪಾರ್ಟ್‌ಮೆಂಟಿನ ಮೇಳದಲ್ಲಿ ಸ್ಟಾಲ್ ಹಾಕಿ ಮಾರಬಹುದೇ?

ಪರವಾನಗಿ ಇಲ್ಲದೆ ಮದ್ಯವಿರುವುದನ್ನು ಮಾರುವಂತಿಲ್ಲ, ಹಣ್ಣಿನ ರೂಪದಲ್ಲಿದ್ದರೂ ಅಷ್ಟೇ. ಹಾಲ್ ಬಾಡಿಗೆಗೆ ತೆಗೆದುಕೊಂಡು ದೊಡ್ಡ ಪಾರ್ಟಿ ಮಾಡುವುದಾದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಪರವಾನಗಿ ತೆಗೆಸಬೇಕು. ಕಾಲೇಜು ಹುಡುಗರು ಕೇಳುತ್ತಿರುತ್ತಾರೆ, ಅವರಿಗೆ: ರಾಜ್ಯದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾಪ 2023ರಲ್ಲಿ ಬಂದು, ವಿರೋಧವಾಗಿ, ವಾಪಸ್ ಹೋಯಿತು.

ಹನ್ನೆರಡು ಜನರಿಗೆ ಒಟ್ಟು ಎಷ್ಟು ಮಾಡಲಿ, ಯಾವಾಗ ಶುರು ಮಾಡಲಿ?

ಹನ್ನೆರಡರಲ್ಲಿ ಎಂಟು ಜನ ಕುಡಿಯುವವರು ಅಂದುಕೊಳ್ಳೋಣ. ತಲೆಗೆ ಒಂದು ಪೆಗ್ ಹಣ್ಣಿನಲ್ಲಿ ಹೋದರೆ ಸಾಕು, ಉಳಿದದ್ದು ಗ್ಲಾಸಿನಲ್ಲಿ ಹೇಗೂ ಇರುತ್ತದೆ. ಅಂದರೆ ಒಟ್ಟು ಎಂಟು ಪೆಗ್, 240 ಎಂಎಲ್. ಇದನ್ನು ಮೂರು ತಟ್ಟೆಗೆ ಹಂಚಿ: ಅರ್ಧ ಅನಾನಸ್‌ಗೆ ಮೂರು ಪೆಗ್ ರಮ್, ಪಾವು ಕಿಲೋ ದ್ರಾಕ್ಷಿಗೆ ಮೂರು ಪೆಗ್ ವೋಡ್ಕಾ, ಮಾವಿನಕಾಯಿಗೆ ಎರಡು. ದ್ರಾಕ್ಷಿಯದ್ದು ಮೇಲಿನ ಅಳತೆಯೇ, ಅನಾನಸ್ ಮತ್ತು ಮಾವಿನಕಾಯಿ ಮಾತ್ರ ಅದಕ್ಕಿಂತ ಒಂದಿಷ್ಟು ಸೌಮ್ಯ. ಹಣ್ಣಿನ ರುಚಿ ಮುಂದೆ ಬರುತ್ತದೆ, ಮದ್ಯ ಹಿಂದೆ ನಿಲ್ಲುತ್ತದೆ, ನನಗೆ ಹೀಗಿದ್ದರೇ ಸರಿ.

ಶನಿವಾರ ಸಂಜೆ ಪಾರ್ಟಿಯಾದರೆ ಬಾಟಲಿ ಗುರುವಾರವೇ ತಂದಿಡಿ. ಅಕ್ಟೋಬರ್ 2, ಚುನಾವಣೆಯ ದಿನಗಳು ಹತ್ತಿರವಿದ್ದರೆ ಇನ್ನೂ ಮುಂಚೆ. ಶುಕ್ರವಾರ ರಾತ್ರಿ ದ್ರಾಕ್ಷಿ ಚುಚ್ಚಿ ನೆನೆಸಿ. ಅನಾನಸ್ ಶನಿವಾರ ಬೆಳಗ್ಗೆ ತಿಂಡಿಯಾದ ಮೇಲೆ, ಮಾವಿನಕಾಯಿ ಸಂಜೆ ನಾಲ್ಕಕ್ಕೆ. ಹಣ್ಣಿನ ಮೊದಲು ಹೊಟ್ಟೆಗೆ ಏನಾದರೂ ಬಿದ್ದಿರಬೇಕು, ಬೋಂಡಾ, ಕೋಡುಬಳೆ, ಚಪಾತಿ ರೋಲ್, ಏನಾದರೂ ಸರಿ. ಆಮೇಲೆ ತಟ್ಟೆಗಳನ್ನು ಒಟ್ಟಿಗೆ ತರಬೇಡಿ, ಒಂದು ಖಾಲಿಯಾಗಿ ಅರ್ಧ ಗಂಟೆಗೆ ಇನ್ನೊಂದು. ಟೂತ್‌ಪಿಕ್ ಬಿಸಾಡಲು ಪಕ್ಕದಲ್ಲೇ ಒಂದು ಲೋಟ ಇಡಿ, ಇಲ್ಲದಿದ್ದರೆ ಭಾನುವಾರ ಬೆಳಗ್ಗೆ ಸೋಫಾ ಸಂದಿಯಲ್ಲಿ ಹುಡುಕಬೇಕಾಗುತ್ತದೆ.